ಟಂಕಸಾಲೆಯ ತಪ್ಪೋ, ಹೊರಗೆ ಬಿದ್ದ ಪೆಟ್ಟೋ? ನಾಣ್ಯ ಪರೀಕ್ಷಕರಿಗೆ ಮುಂಬಯಿ ಕನ್ನಡಿಗರ ಪ್ರಶ್ನೆಗಳು

ಎಲ್ಲರಿಗೂ ನಮಸ್ಕಾರ. ಫೋರ್ಟ್‌ನಲ್ಲಿ ನಾಣ್ಯ ಪರೀಕ್ಷಿಸಿ ಕೊಡುವುದು ನನ್ನ ಕಸುಬು. ಈ ವಾರ ಗುಂಪಿನಲ್ಲಿ ಉತ್ತರ ಕೊಡುವ ಸರದಿ ನನ್ನದು. ಫೋಟೊ ಹಾಕುವಾಗ ಎರಡೂ ಮುಖ ಮತ್ತು ಅಂಚು, ಮೂರೂ ಕಾಣಲಿ. ಜೊತೆಗೆ ತೂಕವನ್ನೂ ಬರೆಯಿರಿ. ಪರಿಚಯದ ಚಿನ್ನದಂಗಡಿಯವರು ತೂಗಿ ಕೊಡುತ್ತಾರೆ.

ಪ್ರಶ್ನೆ (ಮಾಟುಂಗ): ಸರ್, ನಮ್ಮ ಹೋಟೆಲಿನ ಗಲ್ಲಾಪೆಟ್ಟಿಗೆಯಲ್ಲಿ ಹಳೇ ಸ್ಟೀಲಿನ ಒಂದು ರೂಪಾಯಿ ಸಿಕ್ಕಿದೆ. ಒಂದು ಕಡೆ ಸಿಂಹ ಸರಿಯಾಗಿದೆ. ತಿರುಗಿಸಿದರೆ ಅಲ್ಲೂ ಸಿಂಹವೇ! ಆದರೆ ಉಬ್ಬಿಲ್ಲ, ಒಳಗೆ ತಗ್ಗಿದೆ. ಅಕ್ಷರವೆಲ್ಲ ಉಲ್ಟಾ. 1 ಅನ್ನುವ ಅಂಕಿ ಇಲ್ಲ, ವರ್ಷವೂ ಇಲ್ಲ. ಎಲ್ಲರೂ ಖೋಟಾ ಅಂತಾರೆ. ಹೌದಾ?

ಉತ್ತರ: ಅಣ್ಣಾ, ದಯವಿಟ್ಟು ಅದನ್ನು ಚಿಲ್ಲರೆಯಲ್ಲಿ ಕೊಟ್ಟುಬಿಡಬೇಡಿ! ಫೋಟೊ ನೋಡಿದರೆ ಬ್ರಾಕೇಜ್ ಇದ್ದ ಹಾಗಿದೆ. ಇದು ನನಗೆ ತುಂಬಾ ಇಷ್ಟವಾದ ತಪ್ಪು. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಾಣ್ಯಕ್ಕೆ ಎರಡು ಡೈ, ಅಂದರೆ ಚಿತ್ರ ಒತ್ತುವ ಅಚ್ಚುಗಳು, ಇರುತ್ತವೆ. ಒಂದರಲ್ಲಿ ಸಿಂಹ, ಇನ್ನೊಂದರಲ್ಲಿ ಅಂಕಿ, ತೆನೆ, ವರ್ಷ. ಡೈಯಲ್ಲಿ ಚಿತ್ರವನ್ನು ತಗ್ಗಾಗಿ, ಉಲ್ಟಾ ಕೆತ್ತಿರುತ್ತಾರೆ. ಅದಕ್ಕೇ ನಾಣ್ಯದಲ್ಲಿ ಅದು ಉಬ್ಬಿ, ನೇರವಾಗಿ ಬರುತ್ತದೆ. ನಡುವೆ ಖಾಲಿ ಬಿಲ್ಲೆ ಬಂದು ಕೂರುತ್ತದೆ. ಅದರ ಸುತ್ತ ಕಾಲರ್ ಅನ್ನುವ ಉಕ್ಕಿನ ಬಳೆ. ಪ್ರೆಸ್ ಒತ್ತುತ್ತದೆ, ನಾಣ್ಯ ಆಚೆ ಹೋಗುತ್ತದೆ, ಮುಂದಿನ ಬಿಲ್ಲೆ ಬರುತ್ತದೆ. ನಿಮಿಷಕ್ಕೆ ನೂರಾರು ಸಲ ಇದೇ ಕೆಲಸ.

ಯಾವಾಗಲೋ ಒಂದು ನಾಣ್ಯ ಆಚೆ ಹೋಗದೆ ಅಂಕಿಯ ಡೈಗೆ ಅಂಟಿಕೊಂಡುಬಿಡುತ್ತದೆ. ಅದರ ಸಿಂಹದ ಮುಖ ಬಿಲ್ಲೆಯ ಕಡೆಗೆ ಇರುತ್ತದೆ. ಮುಂದಿನ ಬಿಲ್ಲೆಗೆ ಒಂದು ಕಡೆಯಿಂದ ಸಿಂಹದ ಡೈ ಒತ್ತುತ್ತದೆ, ಸರಿಯಾದ ಸಿಂಹ ಮೂಡುತ್ತದೆ. ಇನ್ನೊಂದು ಕಡೆಯಿಂದ ಒತ್ತುವುದು ಡೈ ಅಲ್ಲ, ಆ ಅಂಟಿಕೊಂಡ ನಾಣ್ಯ. ಅದರ ಉಬ್ಬಿದ ಸಿಂಹ ಇದರಲ್ಲಿ ತಗ್ಗಾಗಿ, ಉಲ್ಟಾ ಇಳಿಯುತ್ತದೆ. ನಿಮ್ಮ ಕೈಯಲ್ಲಿರುವುದು ಹೀಗೆ ಒತ್ತಿಸಿಕೊಂಡ ನಾಣ್ಯ.

ವರ್ಷ ಯಾಕಿಲ್ಲ ಅಂದರೆ, ವರ್ಷವೂ ಅದರ ಕೆಳಗಿನ ಟಂಕಸಾಲೆಯ ಗುರುತೂ ಅಂಕಿಯ ಡೈಯಲ್ಲೇ ಇದ್ದವು. ಮುಂಬಯಿಯದ್ದಕ್ಕೆ ವಜ್ರದ ಆಕಾರ, ಹೈದರಾಬಾದಿನದ್ದಕ್ಕೆ ನಕ್ಷತ್ರ, ನೋಯ್ಡಾದ್ದಕ್ಕೆ ಚುಕ್ಕಿ, ಕೋಲ್ಕತ್ತಾದ್ದಕ್ಕೆ ಗುರುತೇ ಇಲ್ಲ. ಹಾಗಾಗಿ ಇದು ಶಹೀದ್ ಭಗತ್ ಸಿಂಗ್ ರಸ್ತೆಯಲ್ಲಿ, ರಿಸರ್ವ್ ಬ್ಯಾಂಕಿನ ಎದುರಿನ ನಮ್ಮ ಟಂಕಸಾಲೆಯಲ್ಲೇ ಹುಟ್ಟಿತೋ, ಬೇರೆಡೆಯೋ, ನಾಣ್ಯ ನೋಡಿ ಹೇಳಲು ಆಗುವುದಿಲ್ಲ. ಈ ಮಾದರಿ ಶುರುವಾದದ್ದು 1992ರಲ್ಲಿ, ಅಷ್ಟು ಹೇಳಬಹುದು.

ಒಂದು ಅನುಮಾನ ಬಗೆಹರಿಯಬೇಕು. ಎರಡು ನಾಣ್ಯಗಳನ್ನು ಸೇರಿಸಿ ವೈಸ್ ಅನ್ನುವ ಇಕ್ಕಳದ ಸಾಧನದಲ್ಲಿ ಬಿಗಿದು ಇಂಥದ್ದನ್ನು ಮಾಡಿ ಮಾರುವವರಿದ್ದಾರೆ. ಆಗಲೂ ಉಲ್ಟಾ ಸಿಂಹ ಬರುತ್ತದೆ. ಆದರೆ ಅದರ ಅಡಿಯಲ್ಲಿ ಚಪ್ಪಟೆಯಾದ 1, ತೆನೆಯ ಗೆರೆ ಎಲ್ಲೋ ಉಳಿದಿರುತ್ತದೆ. ಲೆನ್ಸ್ ಹಿಡಿದು ಹುಡುಕಿ. ಈ ನಾಣ್ಯದ ತೂಕ 4.85 ಗ್ರಾಂ ಇರಬೇಕು. ಅಯಸ್ಕಾಂತಕ್ಕೂ ಅಂಟಬೇಕು.

ಅದೇ ಸದಸ್ಯರು: ತೂಗಿಸಿದೆ ಸರ್, 4.84. ಅಯಸ್ಕಾಂತಕ್ಕೆ ಅಂಟಿತು. ಅಂಕಿಯ ಸುಳಿವೇ ಇಲ್ಲ. ಆದರೆ ತಗ್ಗಿನ ಸಿಂಹ ಸ್ವಲ್ಪ ಅಗಲವಾಗಿ ಕಾಣುತ್ತದೆ, ಅಲ್ವಾ?

ಉತ್ತರ: ಒಳ್ಳೆಯ ಗಮನ ಅಣ್ಣಾ. ಡೈಗೆ ಅಂಟಿದ ನಾಣ್ಯ ಒಂದೊಂದು ಏಟಿಗೂ ತೆಳ್ಳಗಾಗಿ ಹರಡುತ್ತದೆ. ಮೊದಲ ಏಟಿನ ಬ್ರಾಕೇಜ್ ಚೊಕ್ಕವಾಗಿರುತ್ತದೆ. ಆಮೇಲಿನವುಗಳಲ್ಲಿ ಚಿತ್ರ ಹಿಗ್ಗುತ್ತದೆ, ಮಸುಕಾಗುತ್ತದೆ. ನಿಮ್ಮದು ಮೊದಲನೆಯದಲ್ಲ, ಅದರ ಹಿಂದೆಯೇ ಬಂದದ್ದು. ಹೀಗೆ ಹಿಗ್ಗಿರುವುದು ಪ್ರೆಸ್ಸಿನಲ್ಲೇ ಆದದ್ದು ಅನ್ನುವುದಕ್ಕೆ ಇನ್ನೊಂದು ಸಾಕ್ಷಿ. ಆದರೂ ಕೈಯಲ್ಲಿ ಹಿಡಿದು ನೋಡದೆ ಬರೆದು ಕೊಡಲಾರೆ, ಒಮ್ಮೆ ತನ್ನಿ.

ಪ್ರಶ್ನೆ (ಮುಲುಂಡ್): ಎರಡು ರೂಪಾಯಿ ನಾಣ್ಯ. ಅಂಚಿನಲ್ಲಿ ಅರ್ಧಚಂದ್ರದ ಹಾಗೆ ಒಂದು ತುಂಡು ಇಲ್ಲ. ಯಾರೋ ಕತ್ತರಿಸಿದ್ದಾ, ಟಂಕಸಾಲೆಯದ್ದಾ?

ಉತ್ತರ: ಪೂರಿ ಹಿಟ್ಟನ್ನು ಲಟ್ಟಿಸಿ ಡಬ್ಬಿಯ ಮುಚ್ಚಳದಿಂದ ಒತ್ತುವಾಗ ಹಿಂದಿನ ತೂತಿನ ಮೇಲೆ ಮುಚ್ಚಳ ಸ್ವಲ್ಪ ಬಿದ್ದರೆ ಪೂರಿ ಹೇಗೆ ಬರುತ್ತದೆ? ಇದೂ ಹಾಗೇ. ಲೋಹದ ಪಟ್ಟಿ ಸಾಕಷ್ಟು ಮುಂದೆ ಸರಿಯದೆ ಇದ್ದಾಗ ಬಿಲ್ಲೆ ಕತ್ತರಿಸುವ ಪಂಚು ಹಿಂದಿನ ತೂತಿನ ಮೇಲೆ ಬೀಳುತ್ತದೆ. ಬಿಲ್ಲೆಯೇ ಅರೆಕೊರೆಯಾಗಿ ಹುಟ್ಟುತ್ತದೆ.

ಈಗ ನೀವು ನೋಡಬೇಕಾದದ್ದು ತುಂಡು ಹೋದ ಜಾಗವಲ್ಲ, ಅದರ ನೇರ ಎದುರಿನ ಅಂಚು. ಅಚ್ಚು ಒತ್ತುವ ಮೊದಲು ಬಿಲ್ಲೆಯ ಅಂಚನ್ನು ಎರಡೂ ಕಡೆಯಿಂದ ಅದುಮಿ ಉಬ್ಬಿಸುತ್ತಾರೆ. ಒಂದು ಕಡೆ ಲೋಹವೇ ಇಲ್ಲದಿದ್ದರೆ ಎದುರಿನ ಕಡೆಗೂ ಒತ್ತಡ ಸಿಗುವುದಿಲ್ಲ. ಹಾಗಾಗಿ ಅಲ್ಲಿ ರಿಮ್ ಸವೆದ ಹಾಗೆ ಸಪ್ಪೆಯಾಗಿರುತ್ತದೆ. ಇದಕ್ಕೆ ಬ್ಲೇಕ್ಸ್ಲಿ ಗುರುತು ಅಂತ ಹೆಸರು. ಅರದಿಂದ ಉಜ್ಜಿದವನಿಗೆ ಎದುರಿನ ಅಂಚು ನೆನಪಾಗುವುದಿಲ್ಲ. ಮತ್ತೆ, ಅಸಲಿಯಲ್ಲಿ ತುಂಡಿನ ಪಕ್ಕದ ಅಕ್ಷರಗಳು ಆ ಕಡೆಗೆ ಎಳೆದ ಹಾಗೆ ಕಾಣುತ್ತವೆ. ಆಮೇಲೆ ಕತ್ತರಿಸಿದ್ದರೆ ಅಕ್ಷರ ನೇರವಾಗಿ ತುಂಡಾಗಿರುತ್ತದೆ.

ನಾನು ಯಾವ ನಾಣ್ಯ ನೋಡಿದರೂ ಮೊದಲು ಕೇಳಿಕೊಳ್ಳುವುದು ಒಂದೇ: ಇದು ಯಾವ ಹಂತದಲ್ಲಿ ಆಯಿತು? ಬಿಲ್ಲೆ ಕತ್ತರಿಸುವಾಗಲೋ, ಡೈಯಲ್ಲೋ, ಒತ್ತುವಾಗಲೋ? ಮೂರರಲ್ಲಿ ಯಾವುದರಿಂದಲೂ ಹೀಗೆ ಆಗಲು ಸಾಧ್ಯವಿಲ್ಲದಿದ್ದರೆ, ಅದು ಹೊರಗೆ ಬಿದ್ದ ಪೆಟ್ಟು. ನೋಡಲು ಎಷ್ಟು ವಿಚಿತ್ರವಾಗಿದ್ದರೂ ಅಷ್ಟೇ.

ಪ್ರಶ್ನೆ (ಸಾಂತಾಕ್ರೂಜ್): ಐದು ರೂಪಾಯಿಯ ಮೇಲೆ ಸಿಂಹದಿಂದ ಅಂಚಿನವರೆಗೆ ಒಂದು ಗೆರೆ ಇದೆ.

ಉತ್ತರ: ಉಗುರು ಆಡಿಸಿ ನೋಡಿ. ಗೆರೆ ಉಬ್ಬಿದ್ದರೆ ಡೈ ಬಿರುಕು ಬಿಟ್ಟಿತ್ತು, ಆ ಬಿರುಕಿನೊಳಗೆ ಲೋಹ ಹರಿದಿದೆ. ತಗ್ಗಾಗಿದ್ದರೆ ಬಹುಪಾಲು ಸುಮ್ನೆ ಗೀರು.

ಪ್ರಶ್ನೆ (ಘಾಟ್‌ಕೋಪರ್): ಹತ್ತು ರೂಪಾಯಿಯ ಹೊರಬಳೆ ಬೇರೆ, ನಡುವಿನ ಬಿಲ್ಲೆ ಬೇರೆ ಆಗಿದೆ. ಇದಕ್ಕೆ ಬೆಲೆ ಉಂಟಾ ಸರ್?

ಉತ್ತರ: ಇಲ್ಲ ತಮ್ಮಾ. ಬಳೆ ಮತ್ತು ಬಿಲ್ಲೆ ಬೇರೆ ಬೇರೆಯಾಗಿ ಬಂದು, ಅಚ್ಚಿನ ಒತ್ತಡಕ್ಕೇ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ನಿನ್ನದರಲ್ಲಿ ಎರಡರ ಮೇಲೂ ಚಿತ್ರ ಪೂರ್ತಿ ಇದೆ. ಅಂದರೆ ಸರಿಯಾಗಿ ತಯಾರಾಗಿ, ಆಮೇಲೆ ಕಳಚಿಕೊಂಡದ್ದು. ಬಿಲ್ಲೆ ಒಂದು ಪಕ್ಕಕ್ಕೆ ಸರಿದು ಕೂತು, ಅದರ ಮೇಲೆಯೇ ಅಚ್ಚು ಬಿದ್ದಿದ್ದರೆ ಆ ಮಾತು ಬೇರೆ.

ಪ್ರಶ್ನೆ (ಡೊಂಬಿವಲಿ): ವೈಷ್ಣೋದೇವಿಯ ಐದು ರೂಪಾಯಿ ನಮ್ಮ ಹತ್ತಿರ ಇದೆ. ಲಕ್ಷಗಟ್ಟಲೆ ಕೊಡ್ತೀವಿ, ಮೊದಲು ನೋಂದಣಿಗೆ ದುಡ್ಡು ಕಳಿಸಿ ಅಂತ ಅಪ್ಪನಿಗೆ ಫೋನ್ ಬಂದಿದೆ. ಕಳಿಸಬಹುದಾ?

ಉತ್ತರ: ಅಕ್ಕಾ, ಒಂದು ಪೈಸೆಯೂ ಕಳಿಸಬೇಡಿ. ಅಪ್ಪನಿಗೆ ಈಗಲೇ ಹೇಳಿ. ಅದು 2012ರಲ್ಲಿ ಬಂದ ಸ್ಮರಣಾರ್ಥ ನಾಣ್ಯ, ಅದರಲ್ಲಿ ತಪ್ಪೇನೂ ಇಲ್ಲ, ಚಲಾವಣೆಗೆ ಸಾಕಷ್ಟು ಬಂದಿದೆ. ಹಳೇ ನಾಣ್ಯ, ನೋಟಿನ ಹೆಸರಿನಲ್ಲಿ ಶುಲ್ಕ, ಕಮಿಷನ್, ತೆರಿಗೆ ಅಂತ ಹಣ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ. ಬ್ಯಾಂಕಿನ ಹೆಸರು, ಲಾಂಛನ ತೋರಿಸಿದರೂ ನಂಬಬೇಡಿ. ನಿಜವಾಗಿ ಕೊಳ್ಳುವವರು ನಾಣ್ಯ ನೋಡಿ ನಿಮಗೆ ದುಡ್ಡು ಕೊಡುತ್ತಾರೆ, ನಿಮ್ಮಿಂದ ಕೇಳುವುದಿಲ್ಲ.

ಪ್ರಶ್ನೆ (ಮಾಟುಂಗ): ಸರ್, ತೋರಿಸಲು ತರುವ ಮೊದಲು ಹುಣಸೆಹಣ್ಣು ಹಾಕಿ ಉಜ್ಜಿ ತರಲಾ? ಕಪ್ಪಾಗಿದೆ.

ಉತ್ತರ: ಬೇಡ ಅಣ್ಣಾ! ಉಜ್ಜಿದರೆ ಲೋಹ ಹರಿದ ಸಣ್ಣ ಗೆರೆಗಳೆಲ್ಲ ಅಳಿಸಿಹೋಗುತ್ತವೆ. ನಾನು ನೋಡುವುದೇ ಅವನ್ನು. ಮೆತ್ತನೆಯ ಪಿವಿಸಿ ಕವರಿನಲ್ಲೂ ಇಡಬೇಡಿ, ದಿನ ಕಳೆದ ಹಾಗೆ ಅದರ ಅಂಟು ನಾಣ್ಯಕ್ಕೆ ಹತ್ತುತ್ತದೆ. ಒಣ ಕಾಗದದ ಲಕೋಟೆಯಲ್ಲಿ ಒಂದೇ ನಾಣ್ಯ ಇಟ್ಟು, ತೂಕವನ್ನು ಮೇಲೆ ಬರೆದು ತನ್ನಿ.