ವಿಎಂ ಒಳಗೆ ನೆಟ್ ಬರದಿದ್ದಾಗ: ಹೋಸ್ಟ್, ಗೆಸ್ಟ್ ಇವಕ್ಕೆ ಏನನ್ನೋಣ?

ಗೆಳೆಯರೇ, ನಮಸ್ಕಾರ.

ಡಿಪ್ಲೊಮಾ ಓದುವ ಹುಡುಗರಿಗೆ ಅಂತ ಒಂದು ಕೈಪಿಡಿ ಬರೆಯುತ್ತಿದ್ದೇನೆ. ವಿಂಡೋಸ್ ಇರುವ ಲ್ಯಾಬ್ ಸಿಸ್ಟಮ್‌ಗೆ ವರ್ಚುವಲ್‌ಬಾಕ್ಸ್ (ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು, ಅಂದರೆ ವಿಎಂ ಅಥವಾ ವರ್ಚುವಲ್ ಮಷೀನನ್ನು, ಓಡಿಸುವ ತಂತ್ರಾಂಶ) ಹಾಕಿ, ಅದರೊಳಗೆ ಉಬುಂಟು ಓಡಿಸುವಾಗ ನೆಟ್ ಬರಲಿಲ್ಲ ಅಂದರೆ ಎಲ್ಲಿಂದ ಹುಡುಕಬೇಕು ಅನ್ನುವುದು ವಿಷಯ. ಕೆಲಸ ಗೊತ್ತಿರುವುದೇ. ಪದಗಳ ಹತ್ತಿರ ಬಂದು ನಿಂತಿದ್ದೇನೆ, ಮುಖ್ಯವಾಗಿ ಎರಡು ಕಡೆ.

ಮೊದಲು ಹೋಸ್ಟ್ ಮತ್ತು ಗೆಸ್ಟ್. ಇಲ್ಲಿ ವಿಂಡೋಸ್ ಸಿಸ್ಟಮ್ ಹೋಸ್ಟ್, ಅದರೊಳಗೆ ಓಡುವ ಉಬುಂಟು ಗೆಸ್ಟ್. ನಿಘಂಟು ನೋಡಿದರೆ ಆತಿಥೇಯ, ಅತಿಥಿ ಅಂತ ಸಿಗುತ್ತದೆ. ಕ್ರಿಕೆಟ್ ಸುದ್ದಿಯಲ್ಲಿ 'ಆತಿಥೇಯ ಭಾರತ' ಅಂತ ದಿನಾ ಓದುತ್ತೇವೆ, ಅಲ್ಲಿ ಏನೂ ತೊಂದರೆ ಇಲ್ಲ. ಇಲ್ಲಿ ಹಾಗಲ್ಲ. ನ್ಯಾಟ್ ಮೋಡ್‌ನಲ್ಲಿ (ವಿಎಂ ಹೋಸ್ಟ್ ಮೂಲಕವೇ ನೆಟ್‌ಗೆ ಹೋಗುವ ವ್ಯವಸ್ಥೆ) ವಿಂಡೋಸ್‌ನಿಂದ ಉಬುಂಟುಗೆ ನೇರವಾಗಿ ಎಸ್‌ಎಸ್‌ಎಚ್ (ನೆಟ್‌ವರ್ಕ್ ಮೂಲಕ ಲಾಗಿನ್) ಆಗುವುದಿಲ್ಲ, ಪೋರ್ಟ್ ಫಾರ್ವರ್ಡಿಂಗ್ ಬೇಕು. ಆ ಸಾಲು ಹೀಗಾಗುತ್ತದೆ: 'ಆತಿಥೇಯ ಪೋರ್ಟ್ 2222ಕ್ಕೆ ಬಂದದ್ದನ್ನು ಅತಿಥಿಯ ಪೋರ್ಟ್ 22ಕ್ಕೆ ಕಳಿಸಿ.' ಒಮ್ಮೆ ಜೋರಾಗಿ ಓದಿ ನೋಡಿ. ಆತಿಥೇಯ, ಅತಿಥಿಯ. ಬರಹದಲ್ಲಿ ಆ ಮೊದಲಿನ ದೀರ್ಘ ಎಷ್ಟೋ ಸಲ ಬಿಟ್ಟುಹೋಗಿ 'ಅತಿಥೇಯ' ಅಂತಲೇ ಇರುತ್ತದೆ, ಆಗ ಎರಡಕ್ಕೂ ನಡುವೆ ಉಳಿಯುವುದು ಒಂದು ಸ್ವರದ ವ್ಯತ್ಯಾಸ ಮಾತ್ರ. ಹುಡುಗ ಅದನ್ನು ತಿರುಗಾಮುರುಗಾ ಓದಿಕೊಂಡು 22ನ್ನು ಹೋಸ್ಟ್ ಖಾನೆಯಲ್ಲೂ 2222ನ್ನು ಗೆಸ್ಟ್ ಖಾನೆಯಲ್ಲೂ ತುಂಬಿದರೆ ವರ್ಚುವಲ್‌ಬಾಕ್ಸ್ ತಪ್ಪು ಅಂತ ಹೇಳುವುದಿಲ್ಲ. ಅದಕ್ಕೆ ಎರಡೂ ಬರೀ ಸಂಖ್ಯೆ, ಅಲ್ವಾ. ಆಮೇಲೆ ಕನೆಕ್ಟ್ ಆಗದೆ ಅವನು ಉಬುಂಟುವಿನಲ್ಲಿ ಇಲ್ಲದ ದೋಷ ಹುಡುಕುತ್ತಾ ಕೂರುತ್ತಾನೆ.

'ಹೊರಯಂತ್ರ, ಒಳಯಂತ್ರ' ಅಂತ ಬರೆದು ನೋಡಿದೆ. ಕೇಳುವುದಕ್ಕೆ ಸಲೀಸು, ಕನ್ನಡದ್ದೇ ಜೋಡಿ. ಆದರೆ ನೆಟ್‌ವರ್ಕ್ ಮಾತಿನಲ್ಲಿ 'ಹೊರಗೆ' ಅಂದರೆ ಇಂಟರ್ನೆಟ್. 'ಹೊರಯಂತ್ರಕ್ಕೆ ಪಿಂಗ್ ಹೋಗುತ್ತದೆ, ಹೊರಗೆ ಹೋಗುವುದಿಲ್ಲ' ಅಂತ ಬರೆಯಬೇಕಾಗಿ ಬಂತು (ಪಿಂಗ್ ಅಂದರೆ ಆ ಕಡೆಯಿಂದ ಉತ್ತರ ಬರುತ್ತದಾ ಅಂತ ನೋಡುವ ಕಮಾಂಡ್). ನಮಗೆ ತಿಳಿಯುತ್ತದೆ, ಮೊದಲ ಸಲ ಕಲಿಯುವವನಿಗೆ ಖಂಡಿತ ತಿಳಿಯುವುದಿಲ್ಲ.

ಈಗ ಮನಸ್ಸಿನಲ್ಲಿರುವುದು 'ತಾಯಿ ಯಂತ್ರ, ಮರಿ ಯಂತ್ರ'. ಒಂದು ವಿಎಂ ಒಳಗೆ ಇನ್ನೊಂದು ವಿಎಂ ಓಡಿಸುವುದುಂಟು, ಅಲ್ಲಿಯೂ ಇದು ಹೊಂದುತ್ತದೆ. ಮರಿ ತಾನೇ ಇನ್ನೊಂದಕ್ಕೆ ತಾಯಿ ಆಯಿತು ಅಂದರೆ ಮುಗಿಯಿತು. ಒಂದೇ ಅನುಮಾನ, ಕ್ಲೋನ್ ಮಾಡಿದ ವಿಎಂಗೂ ಜನ 'ಮರಿ' ಅಂದುಬಿಡಬಹುದು. ಮತ್ತೆ ಕ್ಲೋನ್ ವಿಷಯ ಕೈಪಿಡಿಯಲ್ಲಿ ಬಂದೇ ಬರುತ್ತದೆ, ಯಾಕೆಂದರೆ ಮ್ಯಾಕ್ ಅಡ್ರೆಸ್ (ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ) ಬದಲಾಯಿಸದೆ ಕ್ಲೋನ್ ಮಾಡಿ ಎರಡನ್ನೂ ಬ್ರಿಡ್ಜ್ ಮೋಡ್‌ನಲ್ಲಿ (ವಿಎಂ ನೇರವಾಗಿ ಲ್ಯಾಬಿನ ನೆಟ್‌ವರ್ಕಿಗೇ ಸೇರುವ ವ್ಯವಸ್ಥೆ) ಒಂದೇ ನೆಟ್‌ವರ್ಕಿಗೆ ಬಿಟ್ಟರೆ ಎರಡೂ ಒಂದೇ ಐಪಿಗೆ (ನೆಟ್‌ವರ್ಕಿನಲ್ಲಿ ಯಂತ್ರದ ವಿಳಾಸಕ್ಕೆ) ಜಗಳ ಆಡುತ್ತವೆ. ಕ್ಲೋನ್‌ಗೆ 'ನಕಲು' ಅಂತ ಗಟ್ಟಿಯಾಗಿ ಹಿಡಿದುಕೊಂಡರೆ ಸಾಕಾ?

ಎರಡನೆಯದು ನನಗೆ ಇನ್ನೂ ಮುಖ್ಯ ಅನ್ನಿಸುತ್ತದೆ. ಕನ್ನಡದಲ್ಲಿ ಎಲ್ಲದಕ್ಕೂ 'ನೆಟ್ ಬರ್ತಿಲ್ಲ' ಅಂದುಬಿಡುತ್ತೇವೆ. ಬರಹಕ್ಕೆ ಕೂತರೆ ಅದೇ 'ಸಂಪರ್ಕ ಇಲ್ಲ' ಆಗುತ್ತದೆ. ಅದರ ಹಿಂದೆ ಕಡೇಪಕ್ಷ ಮೂರು ಬೇರೆ ಬೇರೆ ದೋಷ ಇವೆ, ಮೂರಕ್ಕೂ ಮದ್ದು ಬೇರೆ. ಸೆಟ್ಟಿಂಗ್ಸ್‌ನಲ್ಲಿ 'ಕೇಬಲ್ ಕನೆಕ್ಟೆಡ್' ಅನ್ನುವ ಟಿಕ್ ತೆಗೆದುಹೋಗಿದ್ದರೆ ವಿಎಂಗೆ ತಂತಿಯೇ ಚುಚ್ಚಿಲ್ಲ ಅಂತ ಲೆಕ್ಕ. ಇದಕ್ಕೆ 'ಕೊಂಡಿ ಬಿದ್ದಿಲ್ಲ' ಅಂತ ಬರೆದಿದ್ದೇನೆ, ಒಪ್ಪುತ್ತೀರಾ?

ಕೊಂಡಿ ಬಿದ್ದ ಮೇಲೂ ಐಪಿ ಸಿಗದೇ ಇರಬಹುದು. ಬ್ರಿಡ್ಜ್ ಮೋಡ್‌ನಲ್ಲಿ ಇದು ಜಾಸ್ತಿ. ಅಲ್ಲಿ ವಿಎಂ ಐಪಿ ಕೇಳುವುದು ಲ್ಯಾಬಿನ ನೆಟ್‌ವರ್ಕಿಗೆ, ಆ ನೆಟ್‌ವರ್ಕ್ ತನಗೆ ಗೊತ್ತಿರುವ ಮ್ಯಾಕ್ ಅಡ್ರೆಸ್‌ಗಳಿಗೆ ಮಾತ್ರ ಐಪಿ ಕೊಡುವಂತೆ ಕಟ್ಟಿದ್ದರೆ ವಿಎಂ ಸುಮ್ನೆ ಕಾಯುತ್ತಾ ಇರುತ್ತದೆ. ಒಳಗಿರುವುದು ಉಬುಂಟು ಬದಲು ವಿಂಡೋಸ್ ಆಗಿದ್ದರೆ 169.254ರಿಂದ ಶುರುವಾಗುವ ಒಂದು ಐಪಿಯನ್ನು ತಾನೇ ಹಾಕಿಕೊಳ್ಳುತ್ತದೆ, ಅದು ಕಂಡರೆ ಯಾರೂ ಕೊಡಲಿಲ್ಲ ಅಂತಲೇ ಅರ್ಥ. ಇದನ್ನು 'ವಿಳಾಸ ಸಿಗಲಿಲ್ಲ' ಅಂದೆ.

ಮೂರನೆಯದರಲ್ಲಿ ಸಿಕ್ಕು. 8.8.8.8ಕ್ಕೆ (ಗೂಗಲ್‌ನ ಒಂದು ಸರ್ವರ್) ಪಿಂಗ್ ಮಾಡಿದರೆ ಉತ್ತರ ಬರುತ್ತದೆ, ಬ್ರೌಸರಿನಲ್ಲಿ ವೆಬ್‌ಸೈಟ್ ಹೆಸರು ಕೊಟ್ಟರೆ ತೆರೆಯುವುದಿಲ್ಲ. ಸಾಮಾನ್ಯವಾಗಿ ಇದು ಡಿಎನ್‌ಎಸ್ ದೋಷ. ಹೆಸರಿಗೆ ತಕ್ಕ ಐಪಿ ತಿಳಿಯುತ್ತಿಲ್ಲ. ಆದರೆ ನೇರವಾಗಿ ಬರೆದರೆ ಇದೂ 'ವಿಳಾಸ ಸಿಗಲಿಲ್ಲ' ಅಂತಲೇ ಆಗುತ್ತದೆ! ಹಿಂದಿನದರಲ್ಲಿ ಸಿಗದೇ ಹೋದದ್ದು ತನ್ನ ವಿಳಾಸ, ಇಲ್ಲಿ ಸಿಗದೇ ಹೋದದ್ದು ಇನ್ನೊಬ್ಬರದು. ಸದ್ಯಕ್ಕೆ 'ಹೆಸರಿನ ಪತ್ತೆ ಹತ್ತಲಿಲ್ಲ' ಅಂತ ಹಾಕಿದ್ದೇನೆ. ನನಗೆ ಇಷ್ಟವಾಗಿದೆ, ಪತ್ತೆ ಹಚ್ಚು, ಅತ್ತಪತ್ತೆ ಇಲ್ಲ, ಎಲ್ಲ ನಾವು ಆಡುವ ಮಾತೇ. ಉತ್ತರ ಕರ್ನಾಟಕದ ಕಡೆಯವರು ಹೇಳಬೇಕು, ಅಲ್ಲಿ 'ಪತ್ತೆ' ಅಂದರೆ ವಿಳಾಸ ಅಂತಲೇ ಕಿವಿಗೆ ಬೀಳುತ್ತದಾ? ಹಾಗಿದ್ದರೆ ಮತ್ತೆ ಅದೇ ಗೊಂದಲಕ್ಕೆ ಬಂದ ಹಾಗಾಯಿತು.

ನ್ಯಾಟ್, ಬ್ರಿಡ್ಜ್ಡ್, ಹೋಸ್ಟ್-ಓನ್ಲಿ ಈ ಹೆಸರುಗಳನ್ನು ನಾನು ಮುಟ್ಟುವುದಿಲ್ಲ. ಪರದೆಯ ಮೇಲೆ ಅವೇ ಇವೆ, ಹುಡುಗರು ಅವುಗಳ ಮೇಲೇ ಕ್ಲಿಕ್ ಮಾಡಬೇಕು. 'ಸೇತುವೆ ವಿಧಾನ' ಅಂತ ಬರೆದರೆ ಯಾವ ಮೆನುವಿನಲ್ಲಿ ಹುಡುಕುತ್ತಾರೆ? ಆದರೆ ಅದರ ವಿವರಣೆ ಕನ್ನಡದಲ್ಲೇ ಇರಬೇಕು. ಉದಾಹರಣೆಗೆ, ನ್ಯಾಟ್‌ನಲ್ಲಿಟ್ಟ ಎರಡು ವಿಎಂಗಳಿಗೂ 10.0.2.15 ಅಂತಲೇ ಐಪಿ ಬರುತ್ತದೆ. ಹುಡುಗರು ಗಾಬರಿ ಆಗುತ್ತಾರೆ. ಪ್ರತಿಯೊಂದಕ್ಕೂ ವರ್ಚುವಲ್‌ಬಾಕ್ಸ್ ಬೇರೆಯದೇ ಒಂದು ಪುಟ್ಟ ನೆಟ್‌ವರ್ಕ್ ಕಟ್ಟಿಕೊಡುತ್ತದೆ, ಹಾಗಾಗಿ ಜಗಳವಿಲ್ಲ, ಆದರೆ ಒಂದಕ್ಕೊಂದು ಕಾಣುವುದೂ ಇಲ್ಲ. ಈ 'ಕಾಣುವುದು' ಅನ್ನುವ ಕ್ರಿಯಾಪದ ಬಹಳ ಕೆಲಸಕ್ಕೆ ಬರುತ್ತಿದೆ. 'ತಾಯಿಗೆ ಮರಿ ಕಾಣುವುದಿಲ್ಲ, ಮರಿಗೆ ಇಂಟರ್ನೆಟ್ ಕಾಣುತ್ತದೆ' ಅಂದರೆ ನ್ಯಾಟ್ ಮೋಡ್ ಏನು ಅನ್ನುವುದು ಒಂದೇ ಸಾಲಿನಲ್ಲಿ ಬಂತು.

ಗೇಟ್‌ವೇಗೆ (ನೆಟ್‌ವರ್ಕಿನಿಂದ ಹೊರಗೆ ಹೋಗುವ ದಾರಿ) 'ಅಗಸೆ' ಬಳಸಿದರೆ ಹೇಗೆ? ಊರ ಒಳಗೆ ಹೋಗಿ ಬರುವ ಬಾಗಿಲು ಅನ್ನುವ ಅರ್ಥ ಸರಿಯಾಗಿದೆ, ಬೆಂಗಳೂರು, ಮೈಸೂರು ಕಡೆಯ ಹುಡುಗರಿಗೆ ಗೊತ್ತಿರುತ್ತದಾ ಅನ್ನುವುದೇ ಪ್ರಶ್ನೆ. ಅನುಮಾನವಿದ್ದರೆ ಗೇಟ್‌ವೇ ಅಂತಲೇ ಬಿಡುತ್ತೇನೆ.

ನಿಮ್ಮ ಲ್ಯಾಬಿನಲ್ಲಿ, ಆಫೀಸಿನಲ್ಲಿ ಬಾಯಿಮಾತಿನಲ್ಲಿ ಏನನ್ನುತ್ತೀರಿ ಅದನ್ನೇ ಬರೆಯಿರಿ. ತಾಯಿ-ಮರಿ ಬೇಡ ಅನ್ನುವವರು ಮೇಲಿನ 2222ರ ಸಾಲನ್ನು ನಿಮ್ಮ ಪದ ಹಾಕಿ ಒಮ್ಮೆ ಬರೆದು ತೋರಿಸಿ, ಅದರಲ್ಲಿ ಗೊಂದಲ ಆಗದಿದ್ದರೆ ಆ ಪದವನ್ನೇ ತೆಗೆದುಕೊಳ್ಳುತ್ತೇನೆ.