ತಂದೆಯ ಹೆಸರನ್ನೇ ಮಗ ತೊಡುವುದಕ್ಕೆ ಕನ್ನಡದಲ್ಲಿ ಏನನ್ನಬೇಕು?

ಎಲ್ಲರಿಗೂ ನಮಸ್ಕಾರ.

ಜಪಾನಿನ ಕ್ಯೋಟೊದಲ್ಲಿ ರಾಕು ಅಂತ ಒಂದು ಕುಂಬಾರ ಮನೆತನ ಇದೆ. ಅದರ ಬಗ್ಗೆ ಒಂದು ಚಿಕ್ಕ ಬರಹ ಬರೆಯುತ್ತಾ ಒಂದು ಪದದ ಹತ್ತಿರ ನಿಂತುಬಿಟ್ಟಿದ್ದೇನೆ.

16ನೇ ಶತಮಾನದಲ್ಲಿ ಚೋಜಿರೊ ಎಂಬಾತ ಜಪಾನಿನ ಚಹಾ ಆಚರಣೆಯ ಗುರು ಸೆನ್ ನೊ ರಿಕ್ಯೂಗಾಗಿ ಬಟ್ಟಲು ಮಾಡಿದ. ಅಲ್ಲಿಂದ ಈ ಮನೆ ನಡೆದು ಬಂದಿದೆ. ಇವರು ಬಟ್ಟಲಿಗೆ ತಿಗರಿ ಬಳಸುವುದಿಲ್ಲ. ಮಣ್ಣನ್ನು ಕೈಯಲ್ಲೇ ಎತ್ತಿ, ಆಮೇಲೆ ಕೆತ್ತಿ ರೂಪ ಕೊಡುತ್ತಾರೆ. ಕರಿ ಬಟ್ಟಲನ್ನು ಕೆಂಪಗೆ ಕಾದಿರುವಾಗಲೇ ಇಕ್ಕಳದಿಂದ ಆವಿಗೆಯ ಹೊರಗೆ ಎಳೆಯುತ್ತಾರೆ. ತಿಗರಿ, ಆವಿಗೆ, ಇಕ್ಕಳ, ಇವಕ್ಕೆಲ್ಲ ನಮ್ಮ ಪದಗಳು ಸಲೀಸಾಗಿ ಕೂತವು. ತೊಡಕಾಗಿದ್ದು ಹೆಸರಿನ ವಿಷಯದಲ್ಲಿ.

ಮನೆಯ ಯಜಮಾನನಾದವನು ‘ಕಿಚಿಜಾಯೆಮೊನ್’ ಎಂಬ ಹೆಸರು ಪಡೆಯುತ್ತಾನೆ. 2019ರಲ್ಲಿ 15ನೆಯವರು ಅದನ್ನು ಮಗನಿಗೆ ಬಿಟ್ಟುಕೊಟ್ಟು, ತಾವು ‘ಜಿಕಿನ್ಯೂ’ ಎಂಬ ಬೇರೆ ಹೆಸರು ತೆಗೆದುಕೊಂಡರು. ಮಗ 16ನೆಯ ಕಿಚಿಜಾಯೆಮೊನ್ ಆದರು. ಹೀಗೆ ಹೆಸರು ಪಡೆಯುವುದಕ್ಕೆ ಜಪಾನಿಯಲ್ಲಿ ‘ಶೂಮೇ’ ಎನ್ನುತ್ತಾರೆ. ಕಬುಕಿ ಎಂಬ ಅಲ್ಲಿನ ಸಾಂಪ್ರದಾಯಿಕ ನಾಟಕದ ನಟರ ಮನೆಗಳಲ್ಲೂ ಇದೇ ಮಾತು.

ಮೊದಲು ‘ಪಟ್ಟಕ್ಕೆ ಬರುವುದು’ ಅಂತ ಬರೆದೆ. ಓದಿದರೆ ಅರಮನೆ, ಮಠ ಕಣ್ಣ ಮುಂದೆ ಬರುತ್ತವೆ. ಮಣ್ಣು ಮೆತ್ತಿದ ಕೈ ಕಾಣುವುದಿಲ್ಲ. ‘16ನೇ ತಲೆಮಾರು’ ಎಂದರೂ ಪೂರ್ತಿ ಸರಿಯಲ್ಲ. ನಮ್ಮಲ್ಲಿ ತಲೆಮಾರು ಅಂದ ಕೂಡಲೇ ರಕ್ತಸಂಬಂಧ ನೆನಪಾಗುತ್ತೆ, ಅಲ್ವಾ? ಇಲ್ಲಿ ಚೋಜಿರೊ ನಂತರ ಬಂದ ಜೋಕೇ ಅವನ ಮಗನಲ್ಲ. ಐದನೆಯ ಸೋನ್ಯೂ ದತ್ತು ಬಂದು, ಮನೆಯ ಮಗಳನ್ನೇ ಮದುವೆಯಾದವನು. ‘ಮನೆ ಅಳಿಯ’ ಎಂದರೂ ಸಾಲದು. ನಮ್ಮ ಮನೆ ಅಳಿಯ ತನ್ನ ಮನೆತನದ ಹೆಸರು ಬಿಡುವುದಿಲ್ಲ. ಅಲ್ಲಿಯ ಅಳಿಯ ಮಗನೇ ಆಗಿಬಿಡುತ್ತಾನೆ.

ಶೂಮೇ ಪದದ ಮೊದಲ ಅಕ್ಷರಕ್ಕೆ ಬಟ್ಟೆಯ ಮೇಲೆ ಬಟ್ಟೆ ತೊಡುವುದು ಎಂಬ ಅರ್ಥವೂ ಇದೆ. ಎರಡನೆಯದು ಹೆಸರು. ಇದು ಗೊತ್ತಾದ ಮೇಲೆ ನನಗೆ ನಮ್ಮ ‘ಹೆಸರಾಂತ’ ನೆನಪಾಯಿತು. ಹೆಸರು + ಆಂತ. ಹಳಗನ್ನಡದ ‘ಆನ್’ ಎಂದರೆ ಹೊರು, ತಾಳು, ತೊಡು. ಎಷ್ಟು ಚೆನ್ನಾಗಿ ಹೊಂದುತ್ತೆ! ಆದರೆ ಇವತ್ತು ‘ಹೆಸರಾಂತ ಕುಂಬಾರ’ ಎಂದರೆ ಪ್ರಸಿದ್ಧ ಕುಂಬಾರ ಅಂತಲೇ ಎಲ್ಲರೂ ಓದುತ್ತಾರೆ. ಆ ಬಾಗಿಲು ಮುಚ್ಚಿದೆ.

ಹಾಗಾಗಿ ಸದ್ಯಕ್ಕೆ ‘ಹೆಸರು ತೊಡುವುದು’ ಎಂದು ಬರೆದಿದ್ದೇನೆ: ‘2019ರಲ್ಲಿ ಮಗ ಕಿಚಿಜಾಯೆಮೊನ್ ಹೆಸರು ತೊಟ್ಟರು.’ ‘ಹೆಸರು ಹೊರುವುದು’ ಕೂಡ ಮನಸ್ಸಿಗೆ ಬಂತು, ಅದರಲ್ಲಿ ಭಾರ ಜಾಸ್ತಿ. ಆದರೆ ಭಾರ ಇರಬೇಕೇನೋ ಅಂತಲೂ ಅನ್ನಿಸುತ್ತೆ. ಈ ಮನೆಯಲ್ಲಿ ಅಪ್ಪ ಮಗನಿಗೆ ಮೆರುಗಿನ ಹದ ಹೇಳಿಕೊಡುವುದಿಲ್ಲ. ಹಿರಿಯರು ಕೂಡಿಟ್ಟ ಮಣ್ಣು ಸಿಗುತ್ತದೆ, ಹೆಸರು ಸಿಗುತ್ತದೆ. ಮಿಕ್ಕಿದ್ದನ್ನು ಅವನೇ ಹುಡುಕಿಕೊಳ್ಳಬೇಕು.

ನಿಮ್ಮ ಕಡೆಯ ಕುಂಬಾರರ, ಕಮ್ಮಾರರ, ನೇಕಾರರ ಮನೆಗಳಲ್ಲಿ ಕಸುಬಿನ ಯಜಮಾನಿಕೆ ಕೈ ಬದಲಾಗುವಾಗ ಏನು ಮಾತು ಬಳಸುತ್ತಾರೆ? ಮೇಳ, ನಾಟಕ ಕಂಪನಿಗಳಲ್ಲಿ ಕೇಳಿದ ಮಾತಿದ್ದರೂ ತಿಳಿಸಿ. ಯಾವ ಊರಿನ ಕಡೆ ಕೇಳಿದ್ದು ಅಂತಲೂ ಬರೆದರೆ ನನಗೆ ತುಂಬಾ ಉಪಕಾರ.