ದೇವಿಮನೆ ಘಟ್ಟದಲ್ಲಿ ನ್ಯೂಟ್ರಲ್‌ಗೆ ಬೀಳುವ ಹಳೆಯ ಎಎಂಟಿ ಕಾರು: ಕಂಟ್ರೋಲ್ ಯೂನಿಟ್ ಬದಲಿಸಲೇಬೇಕೇ?

ಪ್ರಶ್ನೆ (ಕುಮಟಾದಿಂದ)

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 2015ರ ಪೆಟ್ರೋಲ್ ಎಎಂಟಿ (ಕ್ಲಚ್, ಗೇರುಗಳನ್ನು ತಾನಾಗಿಯೇ ಬದಲಿಸುವ) ಕಾರು ಇದೆ. ಮೂರು ವರ್ಷಗಳ ಹಿಂದೆ ಸೆಕೆಂಡ್ ಹ್ಯಾಂಡ್ ಕೊಂಡದ್ದು, ಈಗ 92,000 ಕಿ.ಮೀ. ಓಡಿದೆ. ಎಡ ಮೊಣಕಾಲಿನ ನೋವಿನಿಂದಾಗಿ ಕ್ಲಚ್ ಪೆಡಲ್ ಇಲ್ಲದ ಕಾರೇ ಬೇಕೆಂದು ಹುಡುಕಿ ಕೊಂಡಿದ್ದೆ. ಆದ್ದರಿಂದ ಇದನ್ನು ಮಾರಿ ಮ್ಯಾನುಯಲ್ ಕಾರು ತೆಗೆದುಕೊಳ್ಳಿ ಎಂಬ ಸಲಹೆ ನನಗೆ ಉಪಯೋಗಕ್ಕೆ ಬಾರದು.

ಈ ಮಳೆಗಾಲ ಹಿಡಿದ ಮೇಲೆ ಎರಡು ತೊಂದರೆಗಳು ಕಾಣಿಸಿಕೊಂಡಿವೆ. ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿ ಬ್ರೇಕ್ ಒತ್ತಿ ಲಿವರನ್ನು ಡ್ರೈವ್‌ಗೆ ತಂದರೂ ಮೀಟರಿನಲ್ಲಿ ‘ಎನ್’ ಮಿನುಗುತ್ತಲೇ ಇರುತ್ತದೆ. ಎರಡು ಮೂರು ಸಲ ಪ್ರಯತ್ನಿಸಿದ ಮೇಲೆ ಗೇರ್ ಬೀಳುತ್ತದೆ. ಇದಕ್ಕಿಂತ ಭಯ ಹುಟ್ಟಿಸುವುದು ಎರಡನೆಯದು. ಅಮ್ಮನನ್ನು ಶಿರಸಿಯ ಆಸ್ಪತ್ರೆಗೆ ಕರೆದೊಯ್ಯುವಾಗ ದೇವಿಮನೆ ಘಟ್ಟದ ತಿರುವುಗಳಲ್ಲಿ ಎರಡು ಬಾರಿ ಬೀಪ್ ಸದ್ದಿನೊಂದಿಗೆ ಕಾರು ತಾನಾಗಿ ನ್ಯೂಟ್ರಲ್‌ಗೆ ಬಂದುಬಿಟ್ಟಿತು. ಹಿಂದೆ ಲಾರಿ ಇತ್ತು. ಇಗ್ನಿಷನ್ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದಾಗ ಏನೂ ಆಗಿಲ್ಲವೆಂಬಂತೆ ಘಟ್ಟ ಹತ್ತಿತು.

ಸರ್ವಿಸ್ ಸೆಂಟರಿನಲ್ಲಿ ಸ್ಕ್ಯಾನರ್ ಹಾಕಿ ಪಿ0700 ಎಂಬ ಕೋಡ್ ತೋರಿಸಿದರು. ಗೇರ್‌ಬಾಕ್ಸಿನ ಕಂಟ್ರೋಲ್ ಯೂನಿಟ್ (ಅದನ್ನು ನಿಯಂತ್ರಿಸುವ ಕಂಪ್ಯೂಟರ್) ಮತ್ತು ಆಕ್ಚುಯೇಟರ್ (ಕ್ಲಚ್, ಗೇರುಗಳನ್ನು ಚಲಾಯಿಸುವ ಭಾಗ) ಎರಡನ್ನೂ ಬದಲಿಸಬೇಕೆಂದು 60,000 ರೂಪಾಯಿಗೂ ಮೀರಿದ ಅಂದಾಜು ಕೊಟ್ಟರು. ಅಷ್ಟು ಹಣ ನನ್ನಲ್ಲಿಲ್ಲ. ಕಡಿಮೆ ಖರ್ಚಿನಲ್ಲಿ ಮೊದಲು ಏನನ್ನು ಪರೀಕ್ಷಿಸಬೇಕು ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1 (ಕಾರವಾರದಿಂದ, ನಿವೃತ್ತ ಆಟೋ ಎಲೆಕ್ಟ್ರಿಷಿಯನ್)

ಮೊದಲ ಮಾತು: ದೋಷ ಪತ್ತೆಯಾಗುವ ತನಕ ಘಟ್ಟಕ್ಕೆ ಹೋಗಬೇಡಿ. ಅಮ್ಮನವರನ್ನು ಬೇರೆ ವಾಹನದಲ್ಲಿ ಕರೆದೊಯ್ಯಿರಿ.

ಪಿ0700 ಎಂಬುದು ದೋಷದ ಹೆಸರಲ್ಲ, ಬರಿಯ ಸೂಚನೆ. ‘ಗೇರ್‌ಬಾಕ್ಸಿನ ಕಂಟ್ರೋಲ್ ಯೂನಿಟ್‌ನಲ್ಲಿ ಒಂದು ದೋಷ ದಾಖಲಾಗಿದೆ, ಅಲ್ಲಿ ಹೋಗಿ ನೋಡಿ’ ಎಂದು ಎಂಜಿನ್ ಕಂಪ್ಯೂಟರ್ ಹೇಳುವ ಮಾತು ಅಷ್ಟೇ. ನಿಜವಾದ ಕೋಡ್ ಗೇರ್‌ಬಾಕ್ಸಿನ ಯೂನಿಟ್ ಒಳಗಿದ್ದು, ಮೊಬೈಲಿಗೆ ಜೋಡಿಸುವ ಅಗ್ಗದ ಬ್ಲೂಟೂತ್ ಅಡಾಪ್ಟರುಗಳಿಗೆ ಅದು ಸಾಮಾನ್ಯವಾಗಿ ಸಿಗುವುದಿಲ್ಲ. ಎಎಂಟಿ ಮಾಡ್ಯೂಲನ್ನು ಓದಬಲ್ಲ ಸ್ಕ್ಯಾನರ್ ಇರುವ ಗ್ಯಾರೇಜಿಗೆ ಹೋಗಿ ಆ ಕೋಡನ್ನು ಬರೆಸಿಕೊಳ್ಳಿ; ಬರೆದುಕೊಳ್ಳುವ ಮೊದಲು ಅಳಿಸಲು ಬಿಡಬೇಡಿ. ಅದನ್ನು ನೋಡದೆ 60,000 ರೂಪಾಯಿಯ ಸಾಮಾನು ಬದಲಿಸಿ ಎನ್ನುವುದು ನನ್ನ ಅಭಿಪ್ರಾಯದಲ್ಲಿ ರೋಗ ತಿಳಿಯದೆ ಆಪರೇಷನ್ ಮಾಡಿದಂತೆ.

ನಿಮ್ಮ ವಿವರಣೆ ಓದಿದಾಗ ನನ್ನ ಅನುಮಾನ ಹೋಗುವುದು ವಿದ್ಯುತ್ ಪೂರೈಕೆಯ ಮೇಲೆ. ಹೈಡ್ರಾಲಿಕ್ ಬಗೆಯ ಎಎಂಟಿಯಲ್ಲಿ ಇರುವುದು ಮ್ಯಾನುಯಲ್ ಗೇರ್‌ಬಾಕ್ಸೇ; ಕ್ಲಚ್ ಒತ್ತುವ, ಗೇರ್ ಹಾಕುವ ಕೆಲಸವನ್ನು ಮಾತ್ರ ಕಾಲು ಕೈಗಳ ಬದಲು ಆಯಿಲ್ ಒತ್ತಡ ಮಾಡುತ್ತದೆ. ಆ ಒತ್ತಡವನ್ನು ತಯಾರಿಸುವುದು ಒಂದು ಎಲೆಕ್ಟ್ರಿಕ್ ಪಂಪು. ರಾತ್ರಿಯಲ್ಲಿ ಒತ್ತಡ ಇಳಿದಿರುವುದರಿಂದ ಬೆಳಿಗ್ಗೆ ಪಂಪು ದುಡಿಯಬೇಕು, ಘಟ್ಟದ ತಿರುವಿನಲ್ಲಿ ಒಂದನೇ ಮತ್ತು ಎರಡನೇ ಗೇರುಗಳು ಪದೇ ಪದೇ ಬದಲಾಗುವುದರಿಂದ ಅಲ್ಲಿಯೂ ದುಡಿಯಬೇಕು. ನಿಮ್ಮ ಎರಡು ತೊಂದರೆಗಳೂ ಬರುವುದು ಸರಿಯಾಗಿ ಪಂಪು ಹೆಚ್ಚು ಕರೆಂಟ್ ಎಳೆಯುವ ಹೊತ್ತಿನಲ್ಲಿಯೇ ಎಂಬುದನ್ನು ಗಮನಿಸಿ.

ಹೀಗಾಗಿ ಒಂದು ಸಾದಾ ಮಲ್ಟಿಮೀಟರ್ ಸಾಕು. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿಯಲ್ಲಿ 12.4ರಿಂದ 12.6 ವೋಲ್ಟ್, ಎಂಜಿನ್ ಓಡುವಾಗ ಸುಮಾರು 13.8ರಿಂದ 14.5 ವೋಲ್ಟ್ ಇರಬೇಕು. ಸ್ಟಾರ್ಟರ್ ತಿರುಗುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಇದು ಸರಿಯಿದ್ದರೆ ಬಹಳ ಜನ ಬಿಟ್ಟುಬಿಡುವ ಪರೀಕ್ಷೆಗೆ ಬನ್ನಿ: ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಕೆಂಪು ಕಡ್ಡಿಯನ್ನು ಗೇರ್‌ಬಾಕ್ಸಿನ ಬರಿ ಲೋಹಕ್ಕೂ ಹಿಡಿದು, ಪಂಪು ಓಡುವಾಗ ಎಷ್ಟು ವೋಲ್ಟ್ ತೋರಿಸುತ್ತದೆ ನೋಡಿ. ಬಾಡಿಗೂ ಅದೇ ರೀತಿ ಹಿಡಿದು ನೋಡಿ. 0.2ಕ್ಕಿಂತ ಹೆಚ್ಚಿದ್ದರೆ ಅರ್ಥಿಂಗ್ (ಕರೆಂಟ್ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ ಮರಳುವ ದಾರಿ) ಕೆಟ್ಟಿದೆ ಎಂದರ್ಥ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಬ್ಯಾಟರಿ ಟ್ರೇ ಕೆಳಗಿನ ಅರ್ಥ್ ಪಟ್ಟಿ ಮೇಲಿನಿಂದ ಚೆನ್ನಾಗಿಯೇ ಕಾಣುತ್ತದೆ, ಬೋಲ್ಟ್ ಬಿಚ್ಚಿದರೆ ಒಳಗೆ ಹಸಿರು ಕಿಲುಬು ಹಿಡಿದಿರುತ್ತದೆ. ಕಾರವಾರದಲ್ಲಿ ಬೈತಖೋಲದ ಮೀನುಗಾರರ ವಾಹನಗಳಲ್ಲಿ ಇದನ್ನು ನಾನು ಲೆಕ್ಕವಿಲ್ಲದಷ್ಟು ಸಲ ಕಂಡಿದ್ದೇನೆ.

ಸಾಕೆಟ್‌ಗಳನ್ನು ಬಿಚ್ಚುವ ಮೊದಲು ಇಗ್ನಿಷನ್ ಆಫ್ ಮಾಡಿ, ನೆಗೆಟಿವ್ ಟರ್ಮಿನಲ್ ತೆಗೆದು ಹತ್ತು ನಿಮಿಷ ಬಿಡಿ. ಪಿನ್ನುಗಳನ್ನು ಉಪ್ಪುಕಾಗದದಿಂದ ಉಜ್ಜಬಾರದು, ಲೇಪನ ಹೋಗುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಸಾಕು. ಹಳದಿ ಬಣ್ಣದ ಸಾಕೆಟ್‌ಗಳು ಏರ್‌ಬ್ಯಾಗಿನವು, ಅವುಗಳನ್ನು ಮುಟ್ಟಲೇಬೇಡಿ.

ಉತ್ತರ 2 (ಶಿರಸಿಯಿಂದ)

ಮೇಲಿನ ಹಿರಿಯರ ಮಾತಿಗೆ ಎರಡು ವಿಷಯ ಸೇರಿಸುತ್ತೇನೆ. ಬ್ರೇಕ್ ಪೆಡಲಿನ ಮೇಲಿರುವ ಸ್ಟಾಪ್ ಲೈಟ್ ಸ್ವಿಚ್ ಕೆಟ್ಟರೂ ಬೆಳಿಗ್ಗೆ ಗೇರ್ ಬೀಳುವುದಿಲ್ಲ, ಏಕೆಂದರೆ ನೀವು ಬ್ರೇಕ್ ಒತ್ತಿದ್ದೀರೆಂದು ಕಂಟ್ರೋಲ್ ಯೂನಿಟ್‌ಗೆ ತಿಳಿಯುವುದೇ ಇಲ್ಲ. ಹಿಂದೆ ಒಬ್ಬರನ್ನು ನಿಲ್ಲಿಸಿ ಬ್ರೇಕ್ ದೀಪ ಪ್ರತಿ ಸಲವೂ ಹತ್ತುತ್ತದೆಯೇ ಎಂದು ನೋಡಿಸಿ. ಇನ್ನೊಂದು, ಇಲಿ. ನನ್ನ ಕಾರಿನಲ್ಲಿ ಇದೇ ರೀತಿಯ ತೊಂದರೆ ಬಂದಾಗ ಹಳೆಯ ಕಂಟ್ರೋಲ್ ಯೂನಿಟ್ ಒಂದನ್ನು ತಂದು ಹಾಕಿಸಿ ಹಣ ಕಳೆದುಕೊಂಡೆ. ಆ ಯೂನಿಟ್ ನನ್ನ ಕಾರಿಗೆ ಹೊಂದಿಕೊಳ್ಳಲಿಲ್ಲ, ಅದರೊಳಗೆ ಬೇರೊಂದು ಕಾರಿನ ಕ್ಲಚ್ಚಿನ ಅಳತೆಗಳಿದ್ದವು. ಕೊನೆಗೆ ಸಿಕ್ಕಿದ್ದು ಗೇರ್ ಸೆನ್ಸರಿನ ಅರ್ಧ ಕಡಿದ ವಯರ್. ಅಡಿಕೆ ಚೀಲಗಳಿರುವ ಕೊಟ್ಟಿಗೆಯಲ್ಲಿ ಕಾರು ನಿಲ್ಲಿಸುವವರು ಬಾನೆಟ್ಟಿನ ಕೆಳಗಿನ ವಯರಿಂಗನ್ನು ಟಾರ್ಚ್ ಹಿಡಿದು ಒಮ್ಮೆ ಪೂರ್ತಿ ನೋಡುವುದು ಒಳ್ಳೆಯದು.

ಆದರೆ ವಿದ್ಯುತ್ ದೋಷ ಮಾತ್ರವೇ ಇರಬೇಕೆಂಬುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಡ್ರೈವರ್ ಬಾಗಿಲು ತೆರೆದಾಗ ಕೇಳುವ ‘ಗುಂಯ್’ ಸದ್ದು ಪಂಪಿನದು. ಕಾರು ನ್ಯೂಟ್ರಲಿನಲ್ಲಿ ಸುಮ್ಮನೆ ನಿಂತಿರುವಾಗಲೂ ಆ ಸದ್ದು ಕೆಲವೇ ಸೆಕೆಂಡುಗಳಿಗೊಮ್ಮೆ ಬರುತ್ತಿದ್ದರೆ ಒತ್ತಡವನ್ನು ಹಿಡಿದಿಡುವ ಅಕ್ಯುಮುಲೇಟರ್ ಸೋತಿರಬಹುದು. ಹಲವು ಮಾದರಿಗಳಲ್ಲಿ ಅದು ಬಿಡಿಯಾಗಿ ಸಿಗುತ್ತದೆ, ಇಡೀ ಆಕ್ಚುಯೇಟರ್ ಬೇಕಾಗುವುದಿಲ್ಲ. ಒಳಗೆ 40 ಬಾರ್‌ಗೂ ಹೆಚ್ಚಿನ ಒತ್ತಡ ಇರುವುದರಿಂದ ಅದನ್ನು ಮನೆಯಲ್ಲಿ ಬಿಚ್ಚುವ ಸಾಹಸ ಬೇಡ. ಏರಿನಲ್ಲಿ ಕಾರನ್ನು ಆಕ್ಸಿಲರೇಟರ್ ಮೇಲೆ ನಿಲ್ಲಿಸುವ ಅಭ್ಯಾಸವಿದ್ದರೆ ಅದನ್ನೂ ಬಿಡಿ, ಕ್ಲಚ್ ಸುಡುತ್ತದೆ, ಹ್ಯಾಂಡ್‌ಬ್ರೇಕ್ ಬಳಸಿ.

ಪ್ರಶ್ನೆ ಕೇಳಿದವರು (ಐದು ವಾರಗಳ ನಂತರ)

ಇಬ್ಬರಿಗೂ ಮನಸಾರೆ ಕೃತಜ್ಞತೆಗಳು. ಬ್ಯಾಟರಿ 12.5 ವೋಲ್ಟ್, ಚಾರ್ಜಿಂಗ್ 14.1, ಎರಡೂ ಸರಿಯಾಗಿದ್ದವು. ಬ್ರೇಕ್ ದೀಪವೂ ಪ್ರತಿ ಸಲ ಹತ್ತಿತು. ಗೇರ್‌ಬಾಕ್ಸ್ ಮತ್ತು ನೆಗೆಟಿವ್ ಕಂಬದ ನಡುವೆ ಮಾತ್ರ ಪಂಪು ಓಡುವಾಗ 0.9 ವೋಲ್ಟ್ ತೋರಿಸಿತು. ಊರಿನ ಮೆಕ್ಯಾನಿಕ್ ಟ್ರೇ ಎತ್ತಿದಾಗ ಅರ್ಥ್ ಪಟ್ಟಿಯ ಎಳೆಗಳಲ್ಲಿ ಅರ್ಧಕ್ಕೂ ಹೆಚ್ಚು ಕಿಲುಬಿನಿಂದ ಪುಡಿಯಾಗಿದ್ದವು. ಬೇರೊಂದು ಗ್ಯಾರೇಜಿನ ಸ್ಕ್ಯಾನರಿನಲ್ಲಿ ಯೂನಿಟ್ ಒಳಗಿನ ಕೋಡ್ ಓದಿಸಿದಾಗ ಅದು ಪಿ0562, ಅಂದರೆ ವೋಲ್ಟೇಜ್ ಕಡಿಮೆ ಎಂದೇ ಇತ್ತು. ಹೊಸ ಪಟ್ಟಿ, ಸ್ಕ್ಯಾನಿಂಗ್, ಕೂಲಿ ಎಲ್ಲ ಸೇರಿ 1,900 ರೂಪಾಯಿ ಆಯಿತು. ಈಗ ಅದೇ ಜಾಗದಲ್ಲಿ 0.06 ವೋಲ್ಟ್ ಬರುತ್ತಿದೆ.

ಮೊದಲ ಎರಡು ವಾರ ಹೊನ್ನಾವರ, ಅಂಕೋಲಾಗಳಿಗೆ ಮಾತ್ರ ಓಡಿಸಿ ನೋಡಿದೆ. ನಂತರ ಒಬ್ಬನೇ, ಆಮೇಲೆ ಅಮ್ಮನನ್ನು ಕೂರಿಸಿಕೊಂಡು, ಒಟ್ಟು ನಾಲ್ಕು ಸಲ ದೇವಿಮನೆ ಘಟ್ಟ ಹತ್ತಿದ್ದೇನೆ. ಒಮ್ಮೆಯೂ ಗೇರ್ ಬಿಡಲಿಲ್ಲ. ಪಂಪಿನ ಸದ್ದನ್ನೂ ಎಣಿಸಿದೆ. ನಿಂತಿರುವಾಗ ನಿಮಿಷಕ್ಕೆ ಎರಡು ಸಲ ಬರುತ್ತಿದೆ. ಇದನ್ನು ಪ್ರತಿ ತಿಂಗಳು ಬರೆದಿಟ್ಟುಕೊಳ್ಳುತ್ತೇನೆ; ಹೆಚ್ಚಾಗುತ್ತ ಹೋದರೆ ಅಕ್ಯುಮುಲೇಟರ್ ಒಂದನ್ನೇ ಬದಲಿಸುವ ಬಗ್ಗೆ ಮತ್ತೆ ಇಲ್ಲಿಯೇ ಕೇಳುತ್ತೇನೆ.